ಅಜ್ಜಿ ಎಕ್ಕಡ ಮೆಟ್ಟಿದ ದಿನ

ಆಗೆಲ್ಲ ನಮ್ಮೂರಿನಲ್ಲಿ ಎಕ್ಕಡವಿಲ್ಲದೆ ಬೈಗುಳ ಪೂರ್ತಿಯಾಗುತ್ತಿರಲಿಲ್ಲ. ಚಪ್ಪಲಿ ಎಂಬುದು ಪೇಟೆಯವರ ಮಾತು. ನಮ್ಮದು ಎಕ್ಕಡ, ಮೆಟ್ಟು, ಕೆರ. ಹಾರನಹಳ್ಳಿ ಕಡೆಯ ಆ ಸಣ್ಣ ಊರಿನಲ್ಲಿ ನನ್ನ ಅಪ್ಪನ ತಾಯಿ ಸಿದ್ದವ್ವನಷ್ಟು ಸೊಗಸಾಗಿ ಬೈಯುವವರು ಇನ್ನೊಬ್ಬರಿರಲಿಲ್ಲ. ದನವನ್ನು ನಮ್ಮ ಹೊಲಕ್ಕೆ ಬಿಟ್ಟವನಿಗೆ, "ಎಕ್ಕಡ ಕಿತ್ತೋಗಂಗೆ ಬಾರಿಸ್ತೀನಿ ಕಣ್ಲಾ!" ಜಂಬದ ನೆಂಟರು ಬೆನ್ನು ತಿರುಗಿಸಿದ ಮೇಲೆ, "ನಮ್ಮನೆ ಎಕ್ಕಡ ಬುಡೋ ಜಾಗಕ್ಕೂ ಲಾಯಕ್ಕಿಲ್ಲ." ಇಂಥ ಮಾತು ಬರೆಯಬಾರದು ಎನ್ನುವ ಸಭ್ಯಸ್ಥರಿದ್ದಾರೆ. ನಾನು ಬರೆಯುತ್ತೇನೆ. ಈ ಮಾತು ಕೇಳಿಕೊಂಡೇ ಮುದ್ದೆ ನುಂಗಿ ಬೆಳೆದವಳು ನಾನು.

ಇಷ್ಟೆಲ್ಲ ಬೈಯುವ ಅಜ್ಜಿಯ ಕಾಲಿಗೆ ಮಾತ್ರ ಹುಟ್ಟಿದಾಗಿನಿಂದ ಎಕ್ಕಡ ಸೋಕಿರಲಿಲ್ಲ. ನಮ್ಮಲ್ಲಿ ಹೆಂಗಸರು ಮೆಟ್ಟುವ ಪದ್ಧತಿಯೇ ಇರಲಿಲ್ಲ.

ನಾನು ಹಾರನಹಳ್ಳಿಯ ಮಿಡ್ಲ್ ಸ್ಕೂಲಿಗೆ ನಡೆದು ಹೋಗುತ್ತಿದ್ದ ವರ್ಷ, ಬೇಸಿಗೆ ಶುರುವಿನಲ್ಲಿ, ಜಾಲಿಮುಳ್ಳು ಹಿಮ್ಮಡಿಗೆ ಹೊಕ್ಕು ಕೀವಾಯಿತು. ಅಜ್ಜಿ ಬೆಲ್ಲ ಕಾಯಿಸಿ ಕಟ್ಟಿದಳು. ಅಷ್ಟು ನೋವಿನಲ್ಲೂ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಅಪ್ಪ ಮಾತ್ರ, "ಇನ್ನೊಂದ್ಸಲ ಮುಳ್ಳು ಮುರುದ್ರೆ ಇಸ್ಕೂಲು ಬುಡ್ಸಿ ಮನೇಲೇ ಕೂರುಸ್ತೀನಿ" ಎಂದುಬಿಟ್ಟ. ಸುದ್ದಿ ತಿಳಿದ ಸೋದರಮಾವ ಪಿರಿಯಾಪಟ್ಟಣದ ಸಂತೆಯಿಂದ ಒಂದು ಜೊತೆ ಚಪ್ಪಲಿ ತಂದುಕೊಟ್ಟ.

ಮೊದಲ ದಿನ ಮೆಟ್ಟಿಕೊಂಡು ಹೊರಟೆ. ಚಾವಡಿಯಲ್ಲಿ ಗಂಡಸರು ಹುಲಿ-ಕುರಿ ಆಟಕ್ಕೆ ಕುಳಿತಿದ್ದರು. ತಾತನ ಅಣ್ಣನ ಮಗ, ನನಗೆ ದೊಡ್ಡಪ್ಪ, ಊರಿನಲ್ಲಿ ಎದುರಾಡುವವರಿಲ್ಲದ ಮನುಷ್ಯ, ತಲೆಯೆತ್ತಿದ.

"ಏನಮ್ಮೀ, ಗಂಡಸ್ರು ಕುಂತಿರೋದು ಕಾಣಾಕಿಲ್ವಾ? ಬುಟ್ಟು ಕೈಲಿ ಇಡ್ಕಂಡೋಗು."

ನಾನು ಬಿಚ್ಚಲಿಲ್ಲ. ಮೆಟ್ಟಿಕೊಂಡೇ ಮನೆಗೆ ವಾಪಸ್ ಓಡಿದೆ. ರಾಗಿ ಬೀಸುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಚಾವಡಿಗೆ ಬಂದಳು.

"ಯಾವನ್ಲಾ ನನ್ ಮೊಮ್ಮಗಳ ತಡುದೋನು? ಎಕ್ಕಡ ತಕಂಡು..."

"ಯಾವ ಎಕ್ಕಡ, ಚಿಕ್ಕವ್ವ?" ದೊಡ್ಡಪ್ಪ ನಗುತ್ತ ಕೇಳಿದ. "ನಿಮ್ ಕಾಲಲ್ಲಿ ಎಲ್ಲದೆ?"

ಚಾವಡಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜಿ ನನ್ನ ಕೈ ಹಿಡಿದು ಹಿಂದಿರುಗಿದಳು. ನನ್ನ ಸ್ಕೂಲು ಅಲ್ಲಿಗೆ ಮುಗಿಯಿತೆಂದು ರಾತ್ರಿಯೆಲ್ಲ ಅತ್ತೆ.

ಬೆಳಿಗ್ಗೆ ಅಜ್ಜಿ ಕೊಟ್ಟಿಗೆಯ ತೊಲೆಯಿಂದ ತೀರಿಹೋದ ತಾತನ ಎಕ್ಕಡ ಇಳಿಸಿದಳು. ಕಟ್ಟಿಗೆಯಂತೆ ಬಿಗಿದಿದ್ದ ತೊಗಲಿಗೆ ಹರಳೆಣ್ಣೆ ಸವರಿದಳು. ಅಳತೆ ದೊಡ್ಡದು, ಹಳೇ ಸೀರೆಯ ಚೂರಿನಿಂದ ಕಾಲಿಗೆ ಬಿಗಿದು ಕಟ್ಟಿಕೊಂಡಳು.

"ನಡಿ ಮಗ."

ಕಿರ್ರ್, ಕಿರ್ರ್ ಎಂದು ಬೀದಿಯೆಲ್ಲ ಕೇಳುವಂತೆ ನಡೆದೆವು. ಚಾವಡಿಯವರು ಬೈಗುಳಕ್ಕೆ ಕಾದು ಕುಳಿತಿದ್ದರು. ಅಜ್ಜಿ ಬಾಯಿ ಬಿಡಲಿಲ್ಲ. ದೊಡ್ಡಪ್ಪನ ಎದುರು ನಿಂತು, ಸೆರಗು ಸರಿಪಡಿಸಿಕೊಂಡು, ನನ್ನನ್ನು ಮುಂದೆ ಬಿಟ್ಟುಕೊಂಡು ನಿಧಾನವಾಗಿ ದಾಟಿದಳು. ಯಾರೂ ನಗಲಿಲ್ಲ. ದೊಡ್ಡಪ್ಪ ಆಟದ ಮನೆಗಳನ್ನೇ ನೋಡುತ್ತಿದ್ದ.

ಸಂಜೆ ಅವಳ ಕಾಲ ತುಂಬ ಬೊಬ್ಬೆ.

"ಉರೀತದಾ ಅಜ್ಜಿ?"

"ಬುಡು ಮಗ. ಅವ್ರಿಗೆ ಉರುದಷ್ಟು ಉರೀತಿಲ್ಲ."

ಆಮೇಲೆ ನನ್ನನ್ನು ಯಾರೂ ತಡೆಯಲಿಲ್ಲ. ಮಿಡ್ಲ್ ಸ್ಕೂಲು ಮುಗಿಸಿದೆ, ಮುಂದಕ್ಕೂ ಓದಿದೆ.

ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಆ ಮುಳ್ಳೂ ಬೇಡ, ಆ ಚಾವಡಿಯೂ ಬೇಡ. ಹೋದದ್ದರಲ್ಲಿ ನನ್ನ ಹೊಟ್ಟೆ ಉರಿಸುವುದು ಒಂದೇ, ಅಜ್ಜಿಯ ಮಾತಿಗಿದ್ದ ಖಾರ. ಮೊನ್ನೆ ಮದುವೆ ಮನೆಯಲ್ಲಿ ನೆಂಟರ ಹುಡುಗನೊಬ್ಬ ನನ್ನ ಮೊಮ್ಮಗಳಿಗೆ, ಹೆಣ್ಣುಮಕ್ಕಳು ಇಷ್ಟು ಜೋರಾಗಿ ನಗಬಾರದು ಎಂದ. ನನ್ನ ಮೈ ಉರಿಯಿತು. "ಕೆರದಲ್ಲಿ ಒಡುದ್ರೆ ಅಲ್ಲು ಉದುರೋಗ್ಬೇಕು, ನೋಡು" ಎಂದೆ.

ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದ. "ಸೂಪರ್ ಅಜ್ಜಿ! ಇನ್ನೊಂದ್ಸಲ ಹೇಳಿ."