ಅಕ್ಕ ಹೊಡೆಯದ ಹಾರ್ನ್

“ಹಾರ್ನ್ ಹೊಡೀರಿ ಮೇಡಂ,” ಎಂದರು ಕಾರಿನೆದುರು ನಿಂತಿದ್ದ ಹೊಸಪೇಟೆಯ ಆರ್‌ಟಿಒ ಇನ್‌ಸ್ಪೆಕ್ಟರ್. ಲಂಡನ್ನಿನಿಂದ ತನ್ನ ಕಾರನ್ನು ಹಡಗಿನಲ್ಲಿ ತರಿಸಿ, ನೋಂದಣಿಗೆ ತಂದಿದ್ದ ಅಕ್ಕ ಹಿಂಜರಿದಳು.

“ನೀವು ಎದುರಿಗೇ ನಿಂತೀರಿ, ಹೆಂಗ ಹೊಡೀಲಿರಿ? ಲಂಡನ್ನಿನ್ಯಾಗ ಹಾರ್ನ್ ಹೊಡದ್ರ ಬೈದಂಗ.”

ಅವರು ನಕ್ಕರು. ಅಕ್ಕ ತಲೆ ತಗ್ಗಿಸಿ ಮೆಲ್ಲಗೆ ಒತ್ತಿದಳು.

ನಂಬರ್ ಸಿಕ್ಕ ಮೇಲೆ ಅಕ್ಕ, ನಾನು ಇಬ್ಬರೂ ಕಂಪ್ಲಿಗೆ ಹೊರಟೆವು. ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡ ಅಜ್ಜನೊಬ್ಬ ರಸ್ತೆಯ ನಡುವೆಯೇ ಹೋಗುತ್ತಿದ್ದ. ಕಾಲುವೆಯ ಸೇತುವೆವರೆಗೂ ಅಕ್ಕ ಸುಮ್ಮನೆ ಅವನ ಹಿಂದೆಯೇ ಬಂದಳು. ತಿರುಗಿ ನೋಡಿದ ಅಜ್ಜ ಗಾಬರಿಯಿಂದ ಇಳಿದು ಕಿಟಕಿಯ ಹತ್ತಿರ ಬಂದ.

“ಹಾರ್ನ್ ಕೆಟ್ಟೈತೇನವ್ವಾ?”

ಅಕ್ಕ ಇಲ್ಲವೆಂದರೂ ನಂಬದೆ, ಕಂಪ್ಲಿಯಲ್ಲಿ ರಿಪೇರಿ ಅಂಗಡಿ ಎಲ್ಲಿದೆಯೆಂದು ಹೇಳಿಯೇ ಹೋದ.

ಹಿಂದೆ ಬರುವ ಗಾಡಿಯವರು ಸುಮ್ಮನೆ ಕಾದರೆ ಹಾರ್ನೇ ಕೆಟ್ಟಿರಬೇಕು ಅಂದುಕೊಳ್ಳುವಷ್ಟು ಆ ಅಜ್ಜ ನಮ್ಮೆಲ್ಲರಿಂದ ಬೈಸಿಕೊಂಡಿದ್ದಾನೆ.