ಹಗಲಿಗೆ ಬಂದ ಗೂಬಣ್ಣ

ಐಸ್ ಕಾರ್ಖಾನೆಯ ಗೂಬಣ್ಣನಿಗೆ ಆ ಹೆಸರಿಟ್ಟವರು ಮೀನು ಮಾರುವವರು. ಊರೆಲ್ಲ ಮಲಗಿದ ಮೇಲೆ ಅವನ ಕೆಲಸ. ಉದ್ದನೆಯ ಡಬ್ಬಗಳಿಗೆ ನೀರು ತುಂಬಿ, ಉಪ್ಪುನೀರಿನ ತೊಟ್ಟಿಗೆ ಇಳಿಸಿ, ಹೆಪ್ಪುಗಟ್ಟಿದವನ್ನು ಸರಪಳಿಯಲ್ಲಿ ಮೇಲೆತ್ತಿ, ಕೋಳಿ ಕೂಗುವ ಹೊತ್ತಿಗೆ ಗಡ್ಡೆಗಳನ್ನು ಗಾಡಿಗೆ ಜಾರಿಸಿ ಮನೆ ಸೇರಿದರೆ ಮಿಕ್ಕವರಿಗೆ ಬೆಳಗು, ಅವನಿಗೆ ನಿದ್ದೆ. ಮದುವೆಗೆ ಮೊದಲಿಂದಲೂ ಹೀಗೆಯೇ. ರಾತ್ರಿ ಕರೆಂಟು ಅಗ್ಗ, ಅಗ್ಗವಿದ್ದಾಗ ಐಸು.

ಹಾಗಾಗಿ ಅವನದು ಪಿಸುಮಾತಿನ ಮನೆ. ಹೆಂಡತಿ ಪಾತ್ರೆಯ ಕೆಳಗೆ ಬಟ್ಟೆ ಹಾಸಿಯೇ ಇಡುವಳು. ಮಗಳು ಮಾತು ಕಲಿತದ್ದೇ ಪಿಸುಗುಟ್ಟುತ್ತ. ಈಗ ಬಟ್ಟೆಯಂಗಡಿಯ ಕೆಲಸದಲ್ಲಿರುವ ಅವಳು ಬಾಯಿ ತೆರೆದರೆ, "ಬೆಲೆ ಹೇಳ್ತಿದ್ದೀಯೋ, ಗುಟ್ಟು ಹೇಳ್ತಿದ್ದೀಯೋ?" ಎಂದು ಗಿರಾಕಿಗಳು ಕಿವಿ ಮುಂದೆ ಮಾಡುತ್ತಿದ್ದರು.

ಒಂದು ದಿನ ಯಜಮಾನ ಕರೆದು ಹೇಳಿದ: "ಗೂಬಣ್ಣ, ಸೋಮವಾರದಿಂದ ಹಗಲು ಬಾ."

"ಯಾಕೆ ಯಜಮಾನ್ರೆ, ನಾನೇನು ತಪ್ಪು ಮಾಡಿದೆ?"

"ತಪ್ಪು ಸೂರ್ಯಂದು. ಕಂಡಕಂಡ ಮಾಳಿಗೆ ಮೇಲೆಲ್ಲ ಸೋಲಾರ್ ಹಾಕಿಸ್ಕೊಂಡು ಕೂತಿದಾರೆ. ಮಧ್ಯಾಹ್ನ ಕರೆಂಟು ಕೇಳೋರಿಲ್ಲ. ಎಲ್ಲರೂ ಒಟ್ಟಿಗೆ ಟೊಮ್ಯಾಟೊ ತಂದು ಸುರಿದ ಹಾಗೆ. ಟೊಮ್ಯಾಟೊ ನಾಳೆವರೆಗಾದ್ರೂ ಇರುತ್ತೆ, ಇದು ಆ ಗಳಿಗೇಲೇ ಖರ್ಚಾಗ್ಬೇಕು. ಅದಕ್ಕೇ ಪುಕ್ಕಟೆ ಅನ್ನೋ ಹಾಗೆ ಕೊಡ್ತಾರೆ. ದೀಪ ಹಚ್ಚೋ ಹೊತ್ತಿಗೆ ಮತ್ತೆ ಗಗನಕ್ಕೆ."

"ಅಂದ್ರೆ, ಬಿಸಿಲಲ್ಲಿ ಐಸು ಮಾಡೋದಾ?"

"ಬಿಸಿಲಿಂದಾನೇ ಮಾಡೋದು!"

ಹಗಲು ಅವನಿಗೆ ಹಿಡಿಸಿತು. ಇಷ್ಟು ವರ್ಷ ಬಲ್ಬಿನ ಹಳದಿಯಲ್ಲೇ ನೋಡಿದ್ದ ಗಡ್ಡೆಯೊಳಗೆ ನೀಲಿ ಇದೆಯೆಂದು ಮೊದಲ ಸಲ ಕಂಡು, ಕೈಯಲ್ಲಿ ಸರಪಳಿ ಹಿಡಿದೇ ನಿಂತುಬಿಟ್ಟ.

ಕೈಕೊಟ್ಟದ್ದು ರಾತ್ರಿ. ಮಲಗಿದರೆ ಕಣ್ಣಿಗೆ ಕಣ್ಣು ಹತ್ತದು. ಪಾಪ, ತಾಯಿ ಮಗಳು ಉಸಿರನ್ನೂ ಮೆಲ್ಲಗೆ ಬಿಟ್ಟರು. ಕಿರುಗುಟ್ಟುವ ಫ್ಯಾನನ್ನೂ ಆರಿಸಿದರು. ಅವನು ಮಾತ್ರ ಸೂರು ನೋಡುತ್ತ ಮಗ್ಗುಲು ಬದಲಿಸುತ್ತಲೇ ಇದ್ದ. ಹಗಲಲ್ಲಿ ಪೈಪು ಹಿಡಿದು ನಿಂತಲ್ಲೇ ತೂಕಡಿಸಿದ. ಡಬ್ಬ ಉಕ್ಕಿ ಸಿಹಿನೀರು ತೊಟ್ಟಿಗೆ ಸೇರಿತು.

"ಉಪ್ಪು ತೆಳುವಾದ್ರೆ ತೊಟ್ಟೀನೇ ಗಟ್ಟಿಯಾಗುತ್ತೆ ಮಾರಾಯ!" ಎಂದ ಯಜಮಾನ. "ಇನ್ನೊಂದು ಸಲ ಹೀಗಾದ್ರೆ ನಿನ್ನ ಗೇಟು ಕಾಯೋಕೆ ಹಾಕ್ತೀನಿ."

ಗೇಟು! ತೊಟ್ಟಿ ಬಿಟ್ಟು ಸ್ಟೂಲಿನ ಮೇಲೆ ಕೂರುವುದೇ? ಆ ರಾತ್ರಿ ನಿದ್ದೆ ಇನ್ನಷ್ಟು ದೂರ ಓಡಿತು.

ಪಕ್ಕದ ಕೋಣೆಯಲ್ಲಿ ತಾಯಿ ಮಗಳದು ಬೇರೆಯೇ ಪಂಚಾಯ್ತಿ.

"ಅಮ್ಮ, ಸೋಲಾರ್ ಪ್ಯಾನೆಲ್ ಬೆಲೆ ಈಗ ಕಸಕ್ಕಿಂತ ಕಡೆಯಾಗಿದೆ. ಈಗ್ಲೇ ಹಾಕಿಸೋಣ."

"ಇನ್ನೂ ಇಳಿಯುತ್ತೆ, ತಡಿಯೇ."

"ಹೋದ ವರ್ಷಾನೂ ಇದೇ ಅಂದೆ!"

"ಹೋದ ವರ್ಷದಿಂದ ಇಳೀಲಿಲ್ವಾ? ಮಧ್ಯಾಹ್ನದ ಕರೆಂಟಿಗೆ ಮೂರು ಕಾಸಿಲ್ಲ, ನೀನೂ ಹೋಗಿ ಆ ರಾಶಿಗೇ ಸುರಿ!"

"ಮಾರೋಕಲ್ಲಮ್ಮ, ನಮ್ಮನೆಗೆ!"

ಪಿಸುಮಾತಿನಲ್ಲಿ ಹುಟ್ಟಿದ ಜಗಳಕ್ಕೆ ಬರಬರುತ್ತ ಕೊರಳು ಬಂತು. ಕೊನೆಗೆ ಬಟ್ಟೆಯಂಗಡಿ ಕೇಳರಿಯದ ದನಿಯಲ್ಲಿ ಮಗಳು ಕೂಗಿದಳು: "ಅಪ್ಪಾ, ನೀನೇ ಹೇಳು!"

ಉತ್ತರವಾಗಿ ಬಂದದ್ದು ಗೊರಕೆ. ಇಬ್ಬರೂ ನಾಲಿಗೆ ಕಚ್ಚಿಕೊಂಡು ಸುಮ್ಮನಾದರು. ಗೊರಕೆ ತಟ್ಟನೆ ನಿಂತಿತು.

"ಯಾಕೆ ನಿಲ್ಲಿಸಿದ್ರಿ?" ಎಂದ ಗೂಬಣ್ಣ ಕತ್ತಲಿಂದ. "ಹಾರನ್ನು, ತಳ್ಳುಗಾಡಿಯವರ ಕೂಗು, ಸ್ಕೂಲು ಬೆಲ್ಲು, ಇದರಲ್ಲೇ ಮಲಗಿ ಅಭ್ಯಾಸ. ಈ ರಾತ್ರಿಗೆ ಸದ್ದೇ ಇಲ್ಲ ಕಣೇ, ಏನೋ ಕಳ್ಕೊಂಡ ಹಾಗಾಗುತ್ತೆ."

ಹೆಂಡತಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಹಾಗಾದ್ರೆ ನಾವು ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು?"

"ನಾನೆಲ್ಲಿ ಹಾಕಿ ಅಂದೆ?"

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮಗಳ ಕಡೆ ತಿರುಗಿ, "ಏನೇ ಅಂದೆ, ಕಸಕ್ಕಿಂತ ಕಡೆ ಅಂದ್ಯಾ? ಜೋರಾಗಿ ಹೇಳು, ನಿಮ್ಮಪ್ಪ ಮಲಗಲಿ" ಎಂದಳು.

ಆ ವಾದ ಇನ್ನೂ ಮುಗಿದಿಲ್ಲ. ಗೂಬಣ್ಣ ತೊಟ್ಟಿಯ ಪಕ್ಕದಲ್ಲೇ ಇದ್ದಾನೆ, ಕಣ್ಣು ನಿಚ್ಚಳ. ಪ್ಯಾನೆಲ್ ಬೆಲೆ ಮತ್ತೆ ಇಳಿದ ಸುದ್ದಿ ಬಂದ ದಿನವಂತೂ ಅವನಿಗೆ ಊಟದ ತಟ್ಟೆಯ ಮುಂದೆಯೇ ಜೊಂಪು ಹತ್ತಿತು.