ಎಡಗೈ ಗೀರು ಉಳಿಸಿದ ಬರ್ನಿ

ಬೆಳಗಿನ ಐದೂಕಾಲು. ಲಾರ್ಕ್‌ಫೀಲ್ಡ್‌ನ ರೈಲು ಹಳಿಯ ಪಕ್ಕದ ಶೆಡ್ಡಿನ ಬಾಗಿಲು ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿದೆ. ಬಗ್ಗಿ ಒಳಗೆ ನುಗ್ಗಿದರೆ ಮೊದಲು ಕಾಣುವುದು ಒಂದು ಜೊತೆ ಬೂಟು. ಹಸಿರು ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿರುವ ಹಳೇ ಕಾರೊಂದರ ತೆರೆದ ಬಾಗಿಲಿನಿಂದ ಅವು ಹೊರಗೆ ಚಾಚಿಕೊಂಡಿವೆ. ಬೂಟಿನ ಒಡತಿ ಬರ್ನಡೀನ್ ವೊಯ್ಟಾಸ್, ಊರಿನವರಿಗೆ ಬರ್ನಿ, ಅರವತ್ತನಾಲ್ಕು ವರ್ಷ, ಹಿಂದಿನ ಸೀಟು ಕಿತ್ತ ಜಾಗದಲ್ಲಿ ಅಂಗಾತ ಮಲಗಿ, ಕೈಗನ್ನಡಿಯಲ್ಲಿ ನೋಡಿಕೊಂಡು ವೆಲ್ಡಿಂಗ್ ಮಾಡುತ್ತಿದ್ದಾರೆ.

"ಬಂದ್ಯಾ? ಬಾಗ್ಲು ಇಳ್ಸಮ್ಮ. ಗಾಳಿ ಬಂದ್ರೆ ಕೆಲ್ಸ ಕೆಡುತ್ತೆ," ಎಂದು ಒಳಗಿನಿಂದ ದನಿ ಬರುತ್ತದೆ. "ಕಾಫಿ ಫ್ಲಾಸ್ಕಲ್ಲಿದೆ. ಕುಡಿ, ಆದ್ರೆ ಮಾತಾಡ್ಬೇಡ."

ಚರ್ರ್ ಎಂದು ಒಂದು ಕಿಡಿ. ತೊಗರಿಬೇಳೆಯಷ್ಟು ಉದ್ದದ ಒಂದು ಹೊಲಿಗೆ. ತಕ್ಷಣ ಅದರ ಮೇಲೆ ಒದ್ದೆ ಬಟ್ಟೆ, ಚುಂಯ್ ಎನ್ನುವ ಸದ್ದು, ಹಬೆ. ಆಮೇಲೆ ಕಿಟಕಿಯಿಂದ ಕೈ ಚಾಚಿ ಹೊರಗಿನ ತಗಡಿನ ಮೇಲೆ ಅಂಗೈ ಇಟ್ಟು ಕಾಯುವುದು. ಅಂಗೈ ಸುಡದೆ ಹತ್ತು ಎಣಿಸಲು ಆದರೆ ಮಾತ್ರ ಮುಂದಿನ ಹೊಲಿಗೆ. ವಾರಕ್ಕೆ ಎರಡು ದಿನ, ಬೆಳಿಗ್ಗೆ ಐದರಿಂದ ಏಳರವರೆಗೆ ಹೀಗೆ ಹನ್ನೊಂದು ಹೊಲಿಗೆ, ಹೆಚ್ಚೆಂದರೆ ಹನ್ನೆರಡು. ಇಪ್ಪತ್ತೆರಡು ವರ್ಷಗಳಿಂದ ಈ ಊರಲ್ಲಿರುವ ನಾನು ಇಷ್ಟು ನಿಧಾನದ ಕೆಲಸವನ್ನು ಇನ್ನೊಂದು ಕಡೆ ಕಂಡಿಲ್ಲ. ಅಷ್ಟು ನಿಧಾನ ಯಾಕೆ ಎಂದು ಮೊದಲ ದಿನ ಕೇಳಿ ಬೈಸಿಕೊಂಡವಳು ನಾನು.

ಬರ್ನಿಯ ಕಸುಬು ತುಕ್ಕು ಬಿಡಿಸುವುದು. ಇಲ್ಲಿ ನವೆಂಬರ್ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಮಾರ್ಚ್‌ವರೆಗೂ ಕಾರುಗಳ ಹೊಟ್ಟೆಯನ್ನು ಮೆಲ್ಲುತ್ತಲೇ ಇರುತ್ತದೆ. ನಲವತ್ತೊಂದು ವರ್ಷಗಳಿಂದ ಬರ್ನಿ ಆ ತೂತುಗಳನ್ನು ಕತ್ತರಿಸಿ, ಹೊಸ ತಗಡು ಬಡಿದು ಬಗ್ಗಿಸಿ, ಕೂರಿಸುತ್ತಾ ಬಂದಿದ್ದಾರೆ. ವಾರಕ್ಕೆ ಮೂರು ನಾಲ್ಕು ಗಾಡಿ. ನನ್ನ ಹಳೇ ವ್ಯಾನಿನ ನೆಲವನ್ನೂ ಅವರೇ ಉಳಿಸಿಕೊಟ್ಟದ್ದು. ಅದಕ್ಕೂ ಮುಂಚೆ ನಾನು ಕಾಲಡಿಯಲ್ಲಿ ರಸ್ತೆ ನೋಡುತ್ತಾ ಓಡಿಸುತ್ತಿದ್ದೆ. ಆ ಪರಿಚಯದ ಸಲುಗೆಯಿಂದಲೇ ಈಗ ಅವರ ಕೆಲಸ ನೋಡಲು ಬಂದು ಕೂರುತ್ತೇನೆ.

ಶೆಡ್ಡಿಗೆ ಬೋರ್ಡಿಲ್ಲ. ಆಗಸ್ಟಿನಲ್ಲಿ ಊರಿನ ಹಳೇ ಕಾರುಗಳ ಮೆರವಣಿಗೆ ನಡೆದಾಗ ಬಹುಮಾನ ಗೆದ್ದ ಗಾಡಿಯ ಮುಂದೆ ಒಂದು ಫಲಕ ಇಡುತ್ತಾರೆ. ಅದರಲ್ಲಿ ಮಾಲೀಕನ ಹೆಸರಿರುತ್ತದೆ, ಇಂಜಿನ್ ಕಟ್ಟಿದವನ ಹೆಸರಿರುತ್ತದೆ, ಬಣ್ಣ ಹೊಡೆದವನ ಹೆಸರು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುತ್ತದೆ. ಬರ್ನಿಯ ಹೆಸರು ಒಮ್ಮೆಯೂ ಬಂದಿಲ್ಲ. ನನಗೆ ಇದು ಹೊಟ್ಟೆ ಉರಿಸುತ್ತದೆ, ಅವರಿಗೆ ನಗು.

"ನನ್ ಕೆಲ್ಸ ಕಣ್ಣಿಗೆ ಬಿತ್ತು ಅಂದ್ರೆ ನಾನು ಕೆಟ್ಟದಾಗಿ ಮಾಡಿದೀನಿ ಅಂತ ಅರ್ಥ. ಹೆಸ್ರು ಹಾಕಿದ್ರೆ ಜನ ಬಗ್ಗಿ ಹುಡುಕೋಕೆ ಶುರು ಮಾಡ್ತಾರೆ," ಎನ್ನುತ್ತಾರೆ.

ಈಗ ಬೆಳಗಿನ ಜಾವದಲ್ಲಿ ಕೈಗೆತ್ತಿಕೊಂಡಿರುವುದು ಗಿರಾಕಿಯ ಗಾಡಿ ಅಲ್ಲ. ಅದು ವೊಯ್ಟಾಸ್ ಮನೆತನದ್ದೇ ಆದ 1968ರ ಪಾಂಟಿಯಾಕ್ ಜಿಟಿಓ. ಎರಡು ಬಾಗಿಲು, ಉದ್ದ ಮೂತಿ, ಬೀದಿಯ ಕೊನೆಯಲ್ಲಿ ಸ್ಟಾರ್ಟ್ ಮಾಡಿದರೆ ಈ ಕೊನೆಯಲ್ಲಿ ಕಿಟಕಿ ನಡುಗಿಸುವ ಇಂಜಿನ್. ಬರ್ನಿಯ ಅಪ್ಪ ಸ್ಟಾಶ್ ಹೊಸದಾಗಿ ಕೊಂಡದ್ದು, ಆಮೇಲೆ ಹಿರಿಮಗ ಲೆನರ್ಡ್‌ಗೆ, ಎಲ್ಲರೂ ಲೆನ್ ಎನ್ನುವವರಿಗೆ, ಬಂದದ್ದು. ವೊಯ್ಟಾಸ್ ಮನೆಯ ಹೆಣ್ಣುಮಕ್ಕಳು ಮದುವೆಯಾಗಿ ಚರ್ಚಿನಿಂದ ಊಟದ ಹಾಲಿಗೆ ಹೋಗುವುದು ಈ ಕಾರಿನಲ್ಲೇ. 1993ರ ನಂತರ ಆ ಪದ್ಧತಿ ನಿಂತುಹೋಯಿತು, ಯಾಕೆಂದರೆ ಲೆನ್ ಕಾರನ್ನು ತನ್ನ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮರೆತುಬಿಟ್ಟರು. ಇದೀಗ ಸೆಪ್ಟೆಂಬರ್ ಎರಡನೇ ಶನಿವಾರ ಲೆನ್‌ನ ಮೊಮ್ಮಗಳು ಮರೀಸಾಳ ಮದುವೆ. ಬೇರೆ ಕಾರಲ್ಲಿ ಹೋಗಲ್ಲ ಅಂತ ಹುಡುಗಿ ಹಟ ಹಿಡಿದಿದ್ದಾಳೆ.

ಏಪ್ರಿಲ್‌ನಲ್ಲಿ ಗಾಡಿ ಎಳೆದು ತಂದಾಗ ಸೀಟಿನಲ್ಲಿ ಇಲಿಗಳ ಸಂಸಾರ, ಡಿಕ್ಕಿಯ ನೆಲದಲ್ಲಿ ಬೆಳಕು ಕಾಣುವಷ್ಟು ತೂತು. ಅದೆಲ್ಲ ಬರ್ನಿಗೆ ದಿನನಿತ್ಯದ ಪಾಡು. ಕಷ್ಟ ಇದ್ದದ್ದು ಮೇಲ್ಗಡೆ, ಸೂರಿನ ಮೇಲೆ ಅಂಟಿಸಿದ್ದ ಕಪ್ಪು ರೆಕ್ಸಿನ್ ಹೊದಿಕೆಯ ಕೆಳಗೆ. ಅದನ್ನು ಹೇಳುವುದಕ್ಕೆ ಮೊದಲು ಸ್ಟಾಶ್ ವಿಷಯ ಹೇಳಬೇಕು.

ಸ್ಟಾಶ್ ವೊಯ್ಟಾಸ್ ಕಾರುಗಳ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸೀಸದ ಕೆಲಸದವರು. ಸೂರು ಮತ್ತು ಹಿಂಬದಿಯ ತಗಡು ಕೂಡುವ ಜಾಗದಲ್ಲಿ ಒಂದು ಬಿರುಕು ಉಳಿಯುತ್ತದೆ. ಅಲ್ಲಿ ಸೀಸ ಕಾಯಿಸಿ, ಜೇನುಮೇಣ ಸವರಿದ ಮರದ ಸಟ್ಟುಗದಂಥದ್ದರಿಂದ ಒತ್ತಿ ತುಂಬಿ, ಆರಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡುವುದು. ಪಾಳಿಗೆ ನೂರಿಪ್ಪತ್ತು ಕಾರು. ಸೀಸ ವಿಷ, ಹಾಗಾಗಿ ಮನೆಗೆ ಬಂದು ಹಿತ್ತಲಲ್ಲೇ ಬಟ್ಟೆ ಬಿಚ್ಚಿ ಸ್ನಾನ ಮಾಡುವವರೆಗೆ ಮಕ್ಕಳನ್ನು ಮುಟ್ಟುತ್ತಿರಲಿಲ್ಲವಂತೆ. "ಅಪ್ಪ ಎತ್ಕೊಳ್ಳಲಿ ಅಂತ ನಾನು ಟವೆಲ್ ಹಿಡ್ಕೊಂಡು ನಿಂತಿರ್ತಿದ್ದೆ," ಎಂದು ಬರ್ನಿ ನೆನೆಯುತ್ತಾರೆ.

ಹತ್ತೊಂಬತ್ತನೇ ವಯಸ್ಸಿಗೆ ಬರ್ನಿ ಅದೇ ಕೆಲಸ ಕೇಳಿಕೊಂಡು ಹೋದರು. ಆ ಸಾಲಿಗೆ ಹೆಂಗಸರನ್ನು ಹಾಕುವುದಿಲ್ಲ, ಬೇಕಾದರೆ ಸೀಟು ಹೊಲಿ ಎಂದರಂತೆ. ಮಗಳು ಅಳುತ್ತಾ ಬಂದಾಗ ಸ್ಟಾಶ್ ಗುಜರಿಯಿಂದ ಒಂದು ಮಡ್‌ಗಾರ್ಡ್ ತಂದು ಮನೆಯ ಹಿಂದೆ ಕಲಿಸಲು ಕೂತರು. ಸ್ಟಾಶ್ ಎಡಚರು, ಮಗಳದ್ದು ಬಲಗೈ. ಅಪ್ಪನಂತೆ ಅರ ಎಳೆಯಲು ಹೋಗಿ ಮಗಳ ಮಣಿಕಟ್ಟು ಊದಿತು. "ನನ್ ಹಾಗೆ ಎಳೀಬೇಡ ಮಗಳೇ, ನಿನ್ ಕೈ ಹೇಗೆ ಹೋಗುತ್ತೋ ಹಾಗೆ ಎಳಿ ಅಂದ," ಎಂದು ಬರ್ನಿ ಇವತ್ತೂ ಅದನ್ನು ನಿನ್ನೆ ನಡೆದದ್ದರಂತೆ ಹೇಳುತ್ತಾರೆ.

ಸ್ಟಾಶ್ ಪ್ರತಿ ಕ್ರಿಸ್ಮಸ್‌ಗೂ ಒಂದು ಕಥೆ ಹೇಳುತ್ತಿದ್ದರು. ತಾನು ಬುಕ್ ಮಾಡಿದ ಕಾರಿನ ನಂಬರು ತಿಳಿದುಕೊಂಡು, ಅದು ಸಾಲಿನಲ್ಲಿ ಬರುವ ದಿನ ಕಾದು, ಅದರ ಬಲಗಡೆಯ ಸೀಸ ತಾನೇ ತುಂಬಿದ್ದು ಎಂದು. ದಿನಕ್ಕೆ ನೂರಾರು ಕಾರು ಹೋಗುವ ಕಡೆ ತನ್ನದೇ ಕಾರು ತನ್ನ ಕೈಗೆ ಬಂತು ಅಂದರೆ ಯಾರು ನಂಬುತ್ತಾರೆ? 1989ರ ಕ್ರಿಸ್ಮಸ್ ಊಟದಲ್ಲಿ ಲೆನ್ ಇಡೀ ನೆಂಟರಿಷ್ಟರ ಎದುರು, "ಅಪ್ಪಾ, ಸಾಕು ಬಿಡು. ಈ ಊರಲ್ಲಿ ಕುಡಿದೋರೆಲ್ಲ ತಮ್ ಕಾರು ತಾವೇ ಕಟ್ಟಿದ್ದು ಅಂತಾರೆ," ಎಂದುಬಿಟ್ಟರು. ಎಲ್ಲರೂ ನಕ್ಕರು. ಸ್ಟಾಶ್ ಕೂಡ ನಕ್ಕರಂತೆ. ಆದರೆ ಆಮೇಲೆ ಬದುಕಿದ್ದ ಹದಿನೈದು ವರ್ಷದಲ್ಲಿ ಆ ಕಥೆಯನ್ನು ಮತ್ತೊಮ್ಮೆ ಹೇಳಲಿಲ್ಲ.

ಈ ಮೇ ತಿಂಗಳಲ್ಲಿ ಬರ್ನಿ ಸೂರಿನ ರೆಕ್ಸಿನ್ ಸುಲಿದರು. ರೆಕ್ಸಿನ್ ಬರುವ ಕಾರುಗಳಿಗೆ ಸೀಸವನ್ನು ಕನ್ನಡಿಯಂತೆ ಉಜ್ಜುತ್ತಿರಲಿಲ್ಲ, ಹೇಗೂ ಮುಚ್ಚಿಹೋಗುತ್ತದಲ್ಲ. ಅರದ ಗೀರುಗಳು ತೆಳು ಬಣ್ಣದ ಕೆಳಗೆ ಹಾಗೇ ಉಳಿದಿದ್ದವು. ಎಡಗಡೆಯ ಗೀರು ಬಲಗೈಯವರು ಎಳೆದಂತೆ ಒಂದು ಓರೆ. ಬಲಗಡೆಯವು ಅದಕ್ಕೆ ತೀರಾ ಉಲ್ಟಾ. ಆ ಪಾಳಿಯ ಸೀಸದ ಸಾಲಿನಲ್ಲಿ ಎಡಚ ಇದ್ದದ್ದು ಒಬ್ಬನೇ, ಅದು ಲೆನ್‌ಗೂ ಗೊತ್ತು.

ಬರ್ನಿ ಅಣ್ಣನನ್ನು ಕರೆಸಿದರು. ಎಪ್ಪತ್ತರ ಲೆನ್ ಬಂದು, ಕನ್ನಡಕ ಏರಿಸಿ ನೋಡಿ, ಟೋಪಿ ತೆಗೆದು, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು.

"ಅಪ್ಪ ನಿಜಾನೇ ಹೇಳ್ತಿದ್ದ ಕಣೇ."

"ಮೂವತ್ತಾರು ವರ್ಷ ಬೇಕಾಯ್ತು ನೋಡು ನಿಂಗೆ. ಏಳು, ಅದು ನನ್ ಬಕೆಟ್ಟು," ಎಂದರಂತೆ ಬರ್ನಿ.

ಆದರೆ ರೆಕ್ಸಿನ್ ಸಂದಿಯಲ್ಲಿ ನೀರು ಇಳಿದು, ಆ ಸೀಸದ ಕೆಳಗಿನ ಉಕ್ಕು ಒಳಗಿನಿಂದ ಹಪ್ಪಳದಂತೆ ಆಗಿತ್ತು. ಹಾಗೇ ಬಿಟ್ಟರೆ ಎರಡು ಚಳಿಗಾಲಕ್ಕೆ ಸೂರಿನ ಮೂಲೆಯೇ ಬಾಯಿಬಿಡುತ್ತದೆ. ಯಾರೇ ಆದರೂ ಸೀಸ ಕರಗಿಸಿ ತೆಗೆದು, ಉಕ್ಕು ಬದಲಿಸಿ, ಹೊಸ ಸೀಸ ತುಂಬುತ್ತಾರೆ. ಒಂದೂವರೆ ದಿನದ ಕೆಲಸ. ಲೆನ್ ಕೂಡ, "ಫೋಟೋ ತೆಗೆದಿಟ್ಕೊಂಡು ಕರಗಿಸಿಬಿಡು," ಎಂದರು.

"ಬಾಯಲ್ಲಿ ಹೇಳಿದ್ದನ್ನೇ ನಂಬಲಿಲ್ಲ, ಫೋಟೋ ನಂಬ್ತೀರಾ ನೀವು?" ಎಂದರು ಬರ್ನಿ. ಆ ದಿನದಿಂದ ಶುರುವಾಯಿತು ಈ ಹನ್ನೊಂದು ಹೊಲಿಗೆಯ ವ್ರತ. ಸೀಸವನ್ನು ಮುಟ್ಟದೆ ಒಳಗಿನಿಂದ ಕೊಳೆತ ಉಕ್ಕನ್ನು ಕೊರೆದು ತೆಗೆದು, ಹೊಸದನ್ನು ಹೊಲಿಯುವುದು. ಉಕ್ಕು ಕೆಂಪಾಗುವುದಕ್ಕೆ ಬಹಳ ಮೊದಲೇ ಸೀಸ ತುಪ್ಪದ ಹಾಗೆ ಇಳಿದುಬಿಡುತ್ತದೆ. ಅದಕ್ಕೇ ಒದ್ದೆ ಬಟ್ಟೆ, ಅದಕ್ಕೇ ತಗಡು ತಣ್ಣಗಿರುವ ಬೆಳಗಿನ ಜಾವ. ಒಟ್ಟು ಮುನ್ನೂರ ನಲವತ್ತು ಹೊಲಿಗೆ ಎಂದು ಬರ್ನಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಈ ಬೆಳಿಗ್ಗೆ ಬಾಕಿ ಇದ್ದದ್ದು ಏಳು.

ಇನ್ನು ಮುಂದಿನದನ್ನು ಮುಚ್ಚಿಡುವುದಿಲ್ಲ, ತಪ್ಪು ನನ್ನದು. ಏಳರಲ್ಲಿ ಮೂರು ಮುಗಿದಿತ್ತು. ಎಲ್ಲ ಆಗಿಯೇ ಹೋಯಿತು ಎನ್ನುವ ಹುರುಪಿನಲ್ಲಿ, ಮಾತಾಡಬೇಡ ಎಂದದ್ದನ್ನು ಮರೆತು ನಾನು ಕೇಳಿಬಿಟ್ಟೆ: "ಇದುವರೆಗೆ ಎಷ್ಟು ಮದುವಣಗಿತ್ತಿಯರು ಈ ಕಾರಲ್ಲಿ ಹೋಗಿದ್ದಾರೆ?"

"ಸೋದರತ್ತೆ ಒಬ್ಳು, ಅವಳ ಮಗಳು ಒಬ್ಳು... ನಾಲ್ಕನೆಯವಳು ನಾನೇ. ಗಂಡ ಉಳೀಲಿಲ್ಲ, ಗಾಡಿ ಉಳೀತು," ಎಂದು ನಗುತ್ತಲೇ ಚರ್ರ್ ಎನ್ನಿಸಿದರು. ಬಟ್ಟೆ ಒಣಗಿತ್ತು. ಚುಂಯ್ ಸದ್ದು ಬರಲೇ ಇಲ್ಲ.

ಹೊರಗಡೆ ನಿಂತಿದ್ದ ನನಗೆ ಕಂಡಿತು. ಸೀಸದ ಕೆಳ ಅಂಚು ಮಿರುಗಿತು, ಉಬ್ಬಿತು, ಒಂದು ಹನಿಯಾಗಿ ಇಳಿದು ನೆಲಕ್ಕೆ ಟಪ್ ಎಂದು ಬಿತ್ತು. ಬರ್ನಿ ಮೆಲ್ಲಗೆ ಹೊರಗೆ ಬಂದು, ಮಂಡಿಯೂರಿ ನೋಡಿದರು. ಹೆಬ್ಬೆರಳಿನಗಲ ಗೀರು ಮಾಯವಾಗಿತ್ತು. ಕೈಗನ್ನಡಿ ಕೆಳಗಿಟ್ಟು, "ಏಳು," ಎಂದರು.

"ಏನು?"

"ಏಳು ಜನ ಮದುವಣಗಿತ್ತಿಯರು. ಕೇಳಿದ್ಯಲ್ಲ."

ನಾನು ಅತ್ತೇಬಿಟ್ಟೆ. ಅವರು ಬೈಯಲಿಲ್ಲ. "ಬಟ್ಟೆ ಮುಟ್ಟಿ ನೋಡ್ಬೇಕಾಗಿದ್ದು ನಾನು ಕಣಮ್ಮ. ನೀನು ಬರೀ ಮಾತಾಡಿದ್ದು," ಎಂದು ನೆಲದ ಹನಿಯನ್ನು ಆಯ್ದು ಒಂದು ಡಬ್ಬಿಗೆ ಹಾಕಿ, ಬಟ್ಟೆ ನೆನೆಸಿಕೊಂಡು ಮತ್ತೆ ಒಳಗೆ ತೂರಿದರು. ಉಳಿದ ಮೂರು ಹೊಲಿಗೆಗೂ ಚುಂಯ್ ಸದ್ದು ಬರುವುದನ್ನು ನಾನು ಕಿವಿಗೊಟ್ಟು ಕಾದೆ.

ಎಂಟಕ್ಕೆ ಲೆನ್ ತಿಂಡಿ ಹಿಡಿದು ಬಂದರು, ಕಿಲ್ಬಾಸಾ ಎನ್ನುವ ಮಾಂಸದ ಸಾಸೇಜು ಮತ್ತು ಬ್ರೆಡ್ಡು. ನಡೆದದ್ದು ಕೇಳಿ ಮುಖ ಸಣ್ಣಗೆ ಮಾಡಿಕೊಂಡವರು, ಆಮೇಲೆ ತಂಗಿಗೆ ಸಮಾಧಾನ ಹೇಳಲು ಹೋದರು. "ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಆ ಹನಿ ಕರಗಿಸಿ ತುಂಬು. ಎಡಗೈಲಿ ಅರ ಹಿಡ್ದು ನಾಲ್ಕು ಸಲ ಎಳಿ. ಯಾರಿಗ್ ಗೊತ್ತಾಗುತ್ತೆ?"

"ಅಪ್ಪನ ಸಹಿ ನಾನು ಹಾಕ್ಲಾ?" ಎಂದರು ಬರ್ನಿ. ಅಷ್ಟೇ. ಲೆನ್ ಕಿಲ್ಬಾಸಾ ಕಡೆ ತಿರುಗಿಕೊಂಡರು.

ಡಬ್ಬಿಯ ಹನಿ ಕರಗಿತು, ಜೇನುಮೇಣದ ವಾಸನೆ ಶೆಡ್ಡೆಲ್ಲ ಹರಡಿತು. ಸ್ಟಾಶ್ ತುಂಬಿದ ಅದೇ ಸೀಸವನ್ನು ಮರದ ಸಟ್ಟುಗದಿಂದ ಒತ್ತಿ ಕೂರಿಸಿ, ಬರ್ನಿ ಅರ ಹಿಡಿದರು. ಬಲಗೈಯಲ್ಲೇ. ಕೈ ಹೇಗೆ ಹೋಗುತ್ತದೋ ಹಾಗೆ ಎಳೆದರು.

ಇವತ್ತು ಭಾನುವಾರ, ಈಗ ಮಧ್ಯಾಹ್ನ. ನಾಳೆ ಹೊಸ ರೆಕ್ಸಿನ್ ಅಂಟಿಸುತ್ತಾರೆ, ಗುರುವಾರ ಬಣ್ಣ, ಮದುವೆಗೆ ಇನ್ನೆರಡು ವಾರ. ಸೂರಿಗೆ ರೆಕ್ಸಿನ್ ಬೇಡ, ಮತ್ತೆ ತುಕ್ಕು ಹಿಡಿಯುತ್ತದೆ ಎಂದು ಬಣ್ಣದವನು ಗೊಣಗಿದ್ದಾನೆ. ಬಣ್ಣ ಹೊಡೆಯಬೇಕಾದರೆ ಗೀರು ಉಜ್ಜಬೇಕಾಗುತ್ತದೆ, ಹಾಗಾಗಿ ಬರ್ನಿ ಒಪ್ಪಿಲ್ಲ. ಮುಚ್ಚುವ ಮುಂಚೆ ನೋಡಿ ಹೋಗಿ ಎಂದು ಲೆನ್ ಊರಲ್ಲಿರುವ ವೊಯ್ಟಾಸ್‌ಗಳನ್ನೆಲ್ಲ ಕರೆಸಿದ್ದಾರೆ. ಹತ್ತೊಂಬತ್ತು ಜನ ಸಾಲಾಗಿ ನಿಂತು ಗೀರುಗಳ ಮೇಲೆ ಬೆರಳಾಡಿಸಿ ಮುಂದೆ ಹೋಗುತ್ತಿದ್ದಾರೆ. ಸಾಲಿನ ತುದಿಯಲ್ಲಿ ಲೆನ್ ನಿಂತು ಒಬ್ಬೊಬ್ಬರಿಗೂ ಹೇಳುತ್ತಿದ್ದಾರೆ, ಆ ಕ್ರಿಸ್ಮಸ್ ಊಟದಲ್ಲಿ ಇಲ್ಲದೇ ಇದ್ದವರಿಗೂ ಹೇಳುತ್ತಿದ್ದಾರೆ: "ನಮ್ಮಪ್ಪ ಮಾಡಿದ್ದು. ನಾನು ಸುಳ್ಳು ಅಂದಿದ್ದೆ. ನಂದೇ ತಪ್ಪು."

ಮರೀಸಾ ಮಾತ್ರ ಕೆಳ ಅಂಚಿನಲ್ಲಿ ಬೆರಳು ನಿಲ್ಲಿಸುತ್ತಾಳೆ. "ಇಲ್ಲಿ ಯಾಕೆ ಉಲ್ಟಾ ಹೋಗಿದೆ?"

"ಅದಾ? ಅದು ನಂದು," ಎನ್ನುತ್ತಾರೆ ಬರ್ನಿ, ಕೈ ಒರೆಸಿಕೊಳ್ಳುತ್ತಾ.

ಎಲ್ಲರೂ ಹೋದ ಮೇಲೆ, ಮುಂದಿನ ಆಗಸ್ಟಿನ ಮೆರವಣಿಗೆಗಾದರೂ ಫಲಕದಲ್ಲಿ ನಿಮ್ಮ ಹೆಸರು ಹಾಕಿಸಿ ಎಂದು ನಾನು ಜಗಳ ತೆಗೆಯುತ್ತೇನೆ. ಅವರು ರೆಕ್ಸಿನ್ ಸುರುಳಿ ಬಿಚ್ಚಿ ಅಳೆಯುತ್ತಾ ಕಿವಿಗೇ ಹಾಕಿಕೊಳ್ಳುವುದಿಲ್ಲ. ಆಮೇಲೆ ಅಳತೆ ಪಟ್ಟಿ ಕೆಳಗಿಟ್ಟು ಹೇಳುತ್ತಾರೆ:

"ಇನ್ನೊಂದು ಐವತ್ತು ವರ್ಷಕ್ಕೆ ಯಾವನೋ ಇದನ್ನ ಸುಲೀತಾನೆ. ಸುಲಿದಾಗ ಇಲ್ಲಿ ಇಬ್ರು ಕೆಲ್ಸ ಮಾಡಿದ್ರು, ಒಬ್ರು ಎಡಚರು ಅಂತ ಗೊತ್ತಾದ್ರೆ ಸಾಕು ಕಣಮ್ಮ. ಅಪ್ಪನ ಸಾಲಿಗೆ ನನ್ನ ಯಾರೂ ಸೇರಿಸ್ಲಿಲ್ಲ. ಈಗ ಸೇರಿದೀನಿ."